ನಾಲ್ಕು ಸ್ಕ್ರೂ, ಒಂದು ಗಿಟಾರ್, ಮೂರು ಬೆಲೆ

2019ರ ಜೂನ್ 20ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಮನೆಯಲ್ಲಿ ಒಂದು ಕಪ್ಪು ಗಿಟಾರ್ ಮಾರಾಟಕ್ಕೆ ಬಂತು. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1970ರಲ್ಲಿ ಅದೇ ಊರಿನ ಮ್ಯಾನೀಸ್ ಎಂಬ ಅಂಗಡಿಯಲ್ಲಿ ಕೊಂಡಿದ್ದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಅದು. ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’, ‘ವಿಶ್ ಯು ವರ್ ಹಿಯರ್’, ‘ದಿ ವಾಲ್’ ಆಲ್ಬಮ್‌ಗಳಲ್ಲಿ ಗಿಲ್ಮೋರ್ ಬೆರಳಿಗೆ ಸಿಕ್ಕ ವಾದ್ಯ. ಹರಾಜಿನವರ ಅಂದಾಜು ಒಂದರಿಂದ ಒಂದೂವರೆ ಲಕ್ಷ ಡಾಲರ್. ಕಮಿಷನ್ ಸೇರಿ ಲೆಕ್ಕ ಮುಗಿದಾಗ ನಿಂತದ್ದು 39,75,000 ಡಾಲರಿಗೆ. ಅಲ್ಲಿಯವರೆಗೆ ಯಾವ ಗಿಟಾರೂ ಹರಾಜಿನಲ್ಲಿ ಅಷ್ಟು ಬೆಲೆ ಕಂಡಿರಲಿಲ್ಲ. ಹಣವೆಲ್ಲ ಪರಿಸರದ ಪರವಾಗಿ ಕಾನೂನು ಹೋರಾಟ ಮಾಡುವ ಕ್ಲೈಂಟ್‌ಅರ್ಥ್ ಸಂಸ್ಥೆಗೆ ಹೋಯಿತು.

ಬೆಲೆಗಿಂತ ಸೋಜಿಗದ್ದು ಆ ಗಿಟಾರಿನ ಮೈಯೊಳಗಿನ ಕತೆ. ಗಿಲ್ಮೋರ್ ಕೊಂಡಾಗ ಇದ್ದ ನೆಕ್ ಅದರಲ್ಲಿರಲಿಲ್ಲ. ನಡುವೆ ಹಲವು ನೆಕ್‌ಗಳು ಬಂದು ಹೋಗಿ, ಮಾರಾಟದ ಹೊತ್ತಿಗೆ ಇದ್ದದ್ದು 1980ರ ದಶಕದ್ದು. ಮೊದಲಿದ್ದ ಬಿಳಿಯ ಪಿಕ್‌ಗಾರ್ಡ್ ಹೋಗಿ ಕಪ್ಪಿನದು ಬಂದಿತ್ತು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾಡುವ ಪಿಕಪ್‌ಗಳಲ್ಲಿ ಬ್ರಿಜ್ ಪಕ್ಕದ್ದು ಒಂದಕ್ಕಿಂತ ಹೆಚ್ಚು ಸಲ ಬದಲಾಗಿತ್ತು. ಕಾರ್ಖಾನೆಯಲ್ಲಿ ಇಲ್ಲದ ಒಂದು ಪುಟ್ಟ ಸ್ವಿಚ್ ಸೇರಿತ್ತು. 1980ರ ದಶಕದಲ್ಲಿ ತಂತಿಯ ಬಿಗಿ ಏರಿಳಿಸಿ ಸ್ವರ ಬಾಗಿಸುವ ಕಾಹ್ಲರ್ ಕಂಪನಿಯ ಟ್ರೆಮೊಲೊ ಕೂರಿಸಲೆಂದು ಬಾಡಿಯ ಮರವನ್ನೇ ಕೆತ್ತಲಾಗಿತ್ತು. ಆಮೇಲೆ ಅದು ಬೇಡವೆನಿಸಿ, ಕೆತ್ತಿದ ಜಾಗಕ್ಕೆ ಮರ ತುಂಬಿ ಹಳೆಯ ಮಾದರಿಗೇ ಮರಳಿದ್ದರು. ಕಡೆಗೆ ಆ ಕಪ್ಪು ಬಣ್ಣ ಕೂಡ ನಡುವೆ ತಿಳಿಯಾಗಿ ಅಂಚಿಗೆ ಗಾಢವಾಗುವ ಮೊದಲಿನ ಸನ್‌ಬರ್ಸ್ಟ್ ಬಣ್ಣದ ಮೇಲೆ ಬಳಿದದ್ದು.

ಹೆಸರಿಲ್ಲದ ಯಾರೋ ಒಬ್ಬರು ಇದೇ ಗಿಟಾರನ್ನು ಹಳೆಯ ವಾದ್ಯಗಳ ಅಂಗಡಿಗೆ ಒಯ್ದಿದ್ದರೆ, ವ್ಯಾಪಾರಿ ಒಮ್ಮೆ ತಿರುಗಿಸಿ ನೋಡಿ ‘ಬಿಡಿಭಾಗ ಜೋಡಿಸಿದ ಗಿಟಾರ್’ ಎಂದು ಬದಿಗಿಡುತ್ತಿದ್ದ. ಹಾಗಾದರೆ ಸುಮಾರು 40 ಲಕ್ಷ ಡಾಲರ್ ತೆತ್ತವರು ಕೊಂಡದ್ದೇನನ್ನು? ಮರವನ್ನೋ, ಆಕಾರವನ್ನೋ, ಹೆಸರನ್ನೋ? ‘ಅದೇ ವಸ್ತು’ ಎಂದು ನಾವು ಅನ್ನುವಾಗ ‘ಅದೇ’ ಎಂಬ ಮಾತು ನಿಂತಿರುವುದು ಯಾವುದರ ಮೇಲೆ? ತತ್ತ್ವಶಾಸ್ತ್ರದ ಈ ಹಳೆಯ ತಕರಾರಿಗೆ ಇಷ್ಟು ಖಚಿತವಾದ ಬೆಲೆಚೀಟಿ ಅಂಟಿಸಿದ ಪೇಟೆ ಇನ್ನೊಂದು ಸಿಗುವುದು ಕಷ್ಟ.

ಆ ಪೇಟೆಯ ಕಾಯಿದೆಗಳು ಕಟುವಾದವು. ಕಾರ್ಖಾನೆಯ ಬಣ್ಣ ಕೆರೆದು ಮತ್ತೆ ಬಳಿದಿದ್ದರೆ ಬೆಲೆ ಅರ್ಧ ಎಂಬುದು ವ್ಯಾಪಾರಿಗಳ ರೂಢಿಯ ಲೆಕ್ಕ. ಬಿರಡೆಗಳಿರುವ ತಲೆ ಮುರಿದು ಅಂಟಿಸಿದ್ದರೂ ಹೆಚ್ಚುಕಮ್ಮಿ ಅಷ್ಟೇ ಪೆಟ್ಟು. 1950ರ ದಶಕದ ಗಿಬ್ಸನ್ ಕಂಪನಿಯ ಗಿಟಾರುಗಳ ತಲೆ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ, ಬಿದ್ದರೆ ಅಲ್ಲೇ ಮುರಿಯುತ್ತದೆ. ಹೀಗಾಗಿ ಈ ಪೆಟ್ಟು ತಿಂದ ಗಿಟಾರುಗಳು ಬೇಕಾದಷ್ಟಿವೆ. ತಂತಿ ಬಿಗಿಯುವ ಬಿರಡೆಗಳನ್ನು ಬದಲಾಯಿಸಿದ್ದರೆ ನಷ್ಟ ಸಣ್ಣದು. ಹೊಸ ಬಿರಡೆಗಾಗಿ ತೂತು ದೊಡ್ಡದು ಮಾಡಿದ್ದರೆ ದೊಡ್ಡದು. ಸವೆದ ಫ್ರೆಟ್ ಕಿತ್ತು ಹೊಸದು ಹಾಕಿದ್ದನ್ನು ಬಹುಪಾಲು ಮಂದಿ ಕ್ಷಮಿಸುತ್ತಾರೆ. ತಂತಿ ಬದಲಾಯಿಸಿದ್ದನ್ನು ಯಾರೂ ಕೇಳುವುದೇ ಇಲ್ಲ.

ಎತ್ತು ಕೊಳ್ಳುವ ರೈತ ಹಲ್ಲು ಎಣಿಸಿ, ಸುಳಿ ನೋಡಿ, ಬೆನ್ನು ಸವರುವಂತೆ ಇಲ್ಲೂ ಪರೀಕ್ಷೆ ನಡೆಯುತ್ತದೆ. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆ ಮಂಕಾದ ಹಸಿರು-ಹಳದಿಯಲ್ಲಿ ಹೊಳೆಯುತ್ತದೆ. ಹೊಸ ಬಣ್ಣ ಬಳಿದ ಕಡೆ ಆ ಹೊಳಪಿಲ್ಲ. ದನಿ ಏರಿಳಿಸುವ ಗುಂಡಿಯ ಅಡಿಯಲ್ಲಿರುವ ಪಾಟ್ ಎಂಬ ಬಿಡಿಭಾಗದ ಮೇಲೆ ತಯಾರಕನ ಅಂಕಿ, ವರ್ಷ, ವಾರ ಒತ್ತಿರುತ್ತದೆ: 137 ಎಂದಿದ್ದರೆ ಸಿಟಿಎಸ್, 304 ಎಂದಿದ್ದರೆ ಸ್ಟ್ಯಾಕ್‌ಪೋಲ್. ನೆಕ್ ಬಿಚ್ಚಿದರೆ ಬುಡದಲ್ಲಿ ಪೆನ್ಸಿಲಿನಲ್ಲಿ ಬರೆದ ತಾರೀಖು ಸಿಗಬಹುದು. ಬೆಸುಗೆಯ ಹನಿಗಳನ್ನು ಯಾರೂ ಮುಟ್ಟಿಲ್ಲ ಎಂದು ಖಾತ್ರಿಯಾದರೆ ಕೊಳ್ಳುವವನ ಮುಖ ಅರಳುತ್ತದೆ. ಮಡಿ ಕೆಟ್ಟಿಲ್ಲ ಎಂಬ ಸಮಾಧಾನ ಅದು.

ಈ ಮಡಿಯ ಹುಚ್ಚನ್ನು ಕಂಡರೆ ಮೊದಲು ನಗುತ್ತಿದ್ದವನು ಬಹುಶಃ ಲಿಯೊ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಆತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಬಂದದ್ದು ಕೆಟ್ಟದ್ದನ್ನು ಬಿಚ್ಚಿ ಸರಿ ಮಾಡುವ ವಿದ್ಯೆ. ಅದುವರೆಗಿನ ಗಿಟಾರುಗಳಲ್ಲಿ ನೆಕ್ಕನ್ನು ಬಾಡಿಗೆ ಅಂಟು ಹಾಕಿ ಕೂರಿಸುವುದೇ ರೂಢಿ. ಸೊಟ್ಟಗಾದರೆ ಕುಶಲಕರ್ಮಿಯ ಬಳಿ ವಾರಗಟ್ಟಲೆ ಕಾಯಬೇಕಿತ್ತು. ಫೆಂಡರ್ 1950ರಲ್ಲಿ ಮಾರುಕಟ್ಟೆಗೆ ತಂದ ಗಿಟಾರಿನಲ್ಲಿ, ಆಮೇಲೆ 1954ರ ಸ್ಟ್ರಾಟೊಕ್ಯಾಸ್ಟರಿನಲ್ಲಿ, ನೆಕ್ಕನ್ನು ಹಿಡಿದದ್ದು ನಾಲ್ಕು ಸ್ಕ್ರೂ. ಹಾಳಾಯಿತೆ? ಬಿಚ್ಚಿ ಬೇರೆಯದು ಹಾಕಿ. ಬದಲಾಗಲೆಂದೇ ಹುಟ್ಟಿದ ವಸ್ತು ಅದು. ಇವತ್ತು ಅದೇ ನಾಲ್ಕು ಸ್ಕ್ರೂ ಒಮ್ಮೆಯೂ ತಿರುಗಿಲ್ಲ ಎಂಬುದಕ್ಕೆ ಜನ ದುಡ್ಡು ಕೊಡುತ್ತಿದ್ದಾರೆ.

ಫೆಂಡರಿಗಿಂತ ಎರಡು ಸಾವಿರ ವರ್ಷ ಹಿಂದೆ ಇದೇ ಬಗೆಯ ಬಿಚ್ಚಾಟ ಒಂದು ರಾಜಸಭೆಯಲ್ಲಿ ನಡೆದಿತ್ತು. ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ಯವನ ದೊರೆ ಮಿಲಿಂದನನ್ನು ಭಿಕ್ಷು ನಾಗಸೇನ ಕೇಳುತ್ತಾನೆ: ಇಲ್ಲಿಗೆ ಹೇಗೆ ಬಂದಿರಿ? ದೊರೆ ರಥದಲ್ಲಿ ಬಂದೆನೆನ್ನುತ್ತಾನೆ. ಹಾಗಾದರೆ ಮೂಕಿ ರಥವೇ? ಅಚ್ಚು ರಥವೇ? ಗಾಲಿ, ನೊಗ, ಹಗ್ಗ? ಒಂದೊಂದಕ್ಕೂ ದೊರೆ ಅಲ್ಲವೆನ್ನುತ್ತಾ ಹೋಗುತ್ತಾನೆ. ಎಲ್ಲ ಒಟ್ಟು ಸೇರಿದಾಗ ರೂಢಿಯಲ್ಲಿ ಬಳಸುವ ಒಂದು ಹೆಸರು ಮಾತ್ರ ‘ರಥ’ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಹೆಸರಿನ ಹಿಂದೆ ರಥತ್ವವೆಂಬ ಗಟ್ಟಿ ಬೀಜವೇನೂ ಅವಿತಿಲ್ಲ; ಮನುಷ್ಯನ ಪಾಡೂ ಅಷ್ಟೆ.

ಸ್ಟ್ರಾಟೊಕ್ಯಾಸ್ಟರ್ ನಾಗಸೇನನ ಕೈಗೆ ಸಿಕ್ಕಿದ್ದರೆ ಅವನ ಕೆಲಸ ಇನ್ನೂ ಸಲೀಸಾಗುತ್ತಿತ್ತು, ಒಂದು ಸ್ಕ್ರೂಡ್ರೈವರ್ ಸಾಕಿತ್ತು. ಆದರೆ ಅವನ ಉತ್ತರದಿಂದ ಪೇಟೆಯ ಮಂದಿಗೆ ಸಮಾಧಾನವಾಗುವುದಿಲ್ಲ. ಎಲ್ಲವೂ ಬರಿಯ ಹೆಸರೇ ಆದರೆ 1959ರ ಗಿಟಾರಿಗೂ ಹೋದ ವರ್ಷದ ಗಿಟಾರಿಗೂ ಬೆಲೆಯಲ್ಲಿ ನೂರು ಪಟ್ಟು ಅಂತರವೇಕೆ?

ಶುದ್ಧ ಸಂಗ್ರಾಹಕ ಅರಿಯದೆಯೇ ವೈಶೇಷಿಕರ ಶಿಷ್ಯ. ಬೌದ್ಧರೊಂದಿಗೆ ಶತಮಾನಗಳ ಕಾಲ ವಾದಿಸಿದ ನ್ಯಾಯ-ವೈಶೇಷಿಕರು, ನೂಲುಗಳಿಗಿಂತ ಬಟ್ಟೆ ಬೇರೆ ಎಂದರು. ಅವಯವಗಳು ಒಂದು ಕಡೆ. ಅವುಗಳಲ್ಲಿ ಸಮವಾಯವೆಂಬ ಬಿಡಿಸಲಾಗದ ನಂಟಿನಿಂದ ನೆಲೆಸಿದ ‘ಅವಯವಿ’ ಎಂಬ ಇಡಿಯ ವಸ್ತು ಇನ್ನೊಂದು, ಅದೂ ಅಷ್ಟೇ ನಿಜ. ಈ ನಂಬಿಕೆಗೆ ಅವರು ತೆತ್ತ ಸುಂಕ ದೊಡ್ಡದು. ಬಟ್ಟೆಯಿಂದ ಒಂದು ಎಳೆ ಕಿತ್ತರೆ ಹಳೆಯ ಬಟ್ಟೆ ನಾಶವಾಯಿತು, ಉಳಿದ ನೂಲುಗಳಿಂದ ಹೊಸದೊಂದು ಬಟ್ಟೆ ಹುಟ್ಟಿತು ಎಂದು ಅವರು ಒಪ್ಪಬೇಕಾಯಿತು. ಪಿಕಪ್ ಬದಲಾದ ಕ್ಷಣ ‘ಇದು ಆ ಗಿಟಾರೇ ಅಲ್ಲ’ ಎನ್ನುವ ಸಂಗ್ರಾಹಕನ ಮಾತು ಇದರ ಅಚ್ಚು.

ಹಾಗೆಂದು ಅವನು ಈ ತರ್ಕವನ್ನು ಕಡೆತನಕ ಎಳೆಯುವುದಿಲ್ಲ. ಎಳೆದರೆ ಪ್ರತಿ ಸಲ ತಂತಿ ಬದಲಿಸಿದಾಗಲೂ ಹೊಸ ಗಿಟಾರ್ ಹುಟ್ಟಬೇಕು. ಗೆರೆ ಎಳೆಯಲೇಬೇಕಾಗುತ್ತದೆ, ಎಳೆದ ಗೆರೆ ಎಂದೂ ಪ್ರಕೃತಿಯಲ್ಲಿ ಇರುವುದಿಲ್ಲ. 1965ರ ಜನವರಿಯಲ್ಲಿ ಲಿಯೊ ಫೆಂಡರ್ ತನ್ನ ಕಂಪನಿಯನ್ನು 1.3 ಕೋಟಿ ಡಾಲರಿಗೆ ಸಿಬಿಎಸ್ ಎಂಬ ದೊಡ್ಡ ಕಂಪನಿಗೆ ಮಾರಿದ. ಪೇಟೆ ಅಲ್ಲೊಂದು ಗೆರೆ ಎಳೆದುಕೊಂಡಿತು: ‘ಸಿಬಿಎಸ್‌ಗೆ ಮುಂಚಿನದು’, ‘ಆಮೇಲಿನದು’. ಮಾರಾಟದ ಹಿಂದಿನ ದಿನ ಮತ್ತು ಮರುದಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು ಅವರೇ, ಮರ ಅದೇ, ಯಂತ್ರ ಅದೇ. ಗುಣ ಇಳಿದದ್ದು ನಿಜವಾದರೂ ಇಳಿದದ್ದು ವರ್ಷಗಳ ಉದ್ದಕ್ಕೆ, ಒಂದು ರಾತ್ರಿಯಲ್ಲಲ್ಲ. ಎಷ್ಟು ಕಾಳು ತೆಗೆದರೆ ರಾಶಿ ರಾಶಿಯಾಗಿ ಉಳಿಯುವುದಿಲ್ಲ ಎಂಬ ಒಗಟಿಗೆ ಪೇಟೆ ಒಂದು ತಾರೀಖಿನ ಉತ್ತರ ಕೊಟ್ಟು ಕೈ ತೊಳೆದುಕೊಂಡಿದೆ.

ಗ್ರೀಕರ ಹಡಗಿನ ಒಗಟಂತೂ ಇಲ್ಲಿ ಮೈದಳೆದು ನಿಂತಿದೆ. ಥೀಸಿಯಸ್ ಮರಳಿ ಬಂದ ಹಡಗನ್ನು ಅಥೆನ್ಸಿನವರು ಉಳಿಸಿಕೊಂಡು, ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಾ ಬಂದರು. ಅದು ಅದೇ ಹಡಗೇ ಎಂದು ದಾರ್ಶನಿಕರು ಕಚ್ಚಾಡಿದರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ಕೊಕ್ಕೆ ಸೇರಿಸಿದ: ತೆಗೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು, ಅದೇ ಕ್ರಮದಲ್ಲಿ ಮತ್ತೆ ಜೋಡಿಸಿದರೆ ಥೀಸಿಯಸನ ಹಡಗು ಯಾವುದು? ಪುಸ್ತಕದ ತರ್ಕವೆಂದು ನಗುವವರು ಗಿಬ್ಸನ್ ಪಿಕಪ್ಪುಗಳ ಗತಿ ನೋಡಬೇಕು. ಸೆತ್ ಲವರ್ ಎಂಬ ಎಂಜಿನಿಯರ್ ಗುಂಯ್‌ಗುಟ್ಟುವ ಸದ್ದನ್ನು ಅಡಗಿಸುವ ಹಂಬಕರ್ ಪಿಕಪ್ ರೂಪಿಸಿದ. 1957ರಿಂದ ಅದರ ಬೆನ್ನಿಗೆ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಅಂಟಿಸಿ ಬಳಸತೊಡಗಿದರು. 1970ರ ದಶಕದಲ್ಲಿ ಹೊಸಬರಿಗೆ ಇನ್ನೂ ಜೋರಾದ ದನಿ ಬೇಕಾಯಿತು. ಲ್ಯಾರಿ ಡಿಮಾರ್ಜಿಯೊನಂಥವರು ಬದಲಿ ಪಿಕಪ್ ಮಾರತೊಡಗಿದರು. ಹಳೆಯವು ಡ್ರಾಯರು ಸೇರಿದವು. ಇಂದು ಆ ಚೀಟಿಯ ಜೋಡಿ ಪಿಕಪ್ಪಿಗೆ ಸಾವಿರಾರು ಡಾಲರ್. ಇಡಿಯಾದ ಗಿಟಾರಿಗಿಂತ ಬಿಚ್ಚಿದ ತುಂಡುಗಳ ಮೊತ್ತವೇ ಹೆಚ್ಚು ಎನಿಸಿದಾಗ ಬಿಚ್ಚಿಯೇ ಮಾರುವವರೂ ಇದ್ದಾರೆ. ಹಾಬ್ಸನ ಹಲಗೆ ಕೂಡಿಡುವವನು ಅದೇ ಪೇಟೆಯಲ್ಲಿ ಕೂತು, ಬೇರೆ ಬೇರೆ ಮೂಲದ ಬಿಡಿಭಾಗ ಸೇರಿಸಿ ‘1959ರದು’ ಕಟ್ಟುತ್ತಿರುತ್ತಾನೆ.

1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಬಣ್ಣದ ಗಿಬ್ಸನ್ ಲೆಸ್ ಪಾಲ್ ಈ ಪೇಟೆಯ ಕೋಹಿನೂರು. ಆಗ ಸುಮಾರು 250 ಡಾಲರಿನ ವಸ್ತು. ಬೇಡಿಕೆ ಇಲ್ಲದೆ ಕಂಪನಿಯೇ ಆ ಆಕಾರವನ್ನು ಕೈಬಿಟ್ಟಿತು. ಈಗ ಲಕ್ಷಗಟ್ಟಲೆ ಡಾಲರ್. ಅದೇ ಕಲಮಜೂ ಕಾರ್ಖಾನೆಯಲ್ಲಿ ಕೆಲವೇ ವರ್ಷ ಮೊದಲು ಹುಟ್ಟಿದ ಚಿನ್ನದ ಬಣ್ಣದ ಲೆಸ್ ಪಾಲ್‌ಗಳಿವೆ. ಅವುಗಳ ಬಣ್ಣ ಕೆರೆದು, ಸನ್‌ಬರ್ಸ್ಟ್ ಬಳಿದು, ಹಂಬಕರ್ ಕೂರಿಸುವ ‘ಕನ್ವರ್ಷನ್’ ಒಂದು ಕಸುಬಾಗಿ ಬೆಳೆದಿದೆ. ಮರ ಅದೇ ಕಾಲದ್ದು, ಪಿಕಪ್ ಅದೇ ಕಾಲದ್ದು, ದನಿಯಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. ಬೆಲೆ ಮಾತ್ರ ಅಸಲಿಯ ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿಯವರೆಗಿನದು ಅನಾಮಿಕರ ಗಿಟಾರುಗಳ ಧರ್ಮಶಾಸ್ತ್ರ. ಹೆಸರುವಾಸಿಗಳ ವಿಷಯಕ್ಕೆ ಬಂದರೆ ಎಲ್ಲ ಕಾಯಿದೆಯೂ ತಲೆಕೆಳಗು.

ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್ವಿಲ್ ಊರಿನ ಅಂಗಡಿಯಲ್ಲಿ ಹಳೆಯ ಸ್ಟ್ರಾಟೊಕ್ಯಾಸ್ಟರುಗಳನ್ನು ಒಂದಿಷ್ಟು ಕಾಸಿಗೆ ಒಟ್ಟಿಗೆ ಕೊಂಡ. ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್ ಅವರಿಗೆ ಒಂದೊಂದು ಕೊಟ್ಟು, ಉಳಿದ ಮೂರನ್ನು ಬಿಚ್ಚಿ, ಒಂದರ ಬಾಡಿ, ಇನ್ನೊಂದರ ನೆಕ್, ಮತ್ತೊಂದರ ಒಳಭಾಗ ಸೇರಿಸಿ ತನ್ನದೊಂದನ್ನು ಕಟ್ಟಿಕೊಂಡ. ಅದರ ಹೆಸರು ‘ಬ್ಲ್ಯಾಕಿ’. ಸಂಗ್ರಾಹಕರ ಶಾಸ್ತ್ರದ ಪ್ರಕಾರ ಮೂರು ಕೊಲೆ ಮಾಡಿ ಹುಟ್ಟಿದ ಕಲಬೆರಕೆ. 2004ರ ಜೂನ್‌ನಲ್ಲಿ ಕ್ರಿಸ್ಟೀಸ್ ಅದನ್ನು 9,59,500 ಡಾಲರಿಗೆ ಮಾರಿತು. ಹ್ಯಾರಿಸನ್ 1967ರಲ್ಲಿ ತನ್ನ ತಿಳಿನೀಲಿ 1961ರ ಸ್ಟ್ರಾಟೊಕ್ಯಾಸ್ಟರಿಗೆ ತಾನೇ ಕಣ್ಣು ಕುಕ್ಕುವ ಬಣ್ಣಗಳನ್ನು ಬಳಿದ. ತಲೆಯ ಭಾಗಕ್ಕೆ ಹೆಂಡತಿ ಪ್ಯಾಟಿಯ ಉಗುರು ಬಣ್ಣ. ‘ಬಣ್ಣ ಬದಲಾದರೆ ಅರ್ಧ ಬೆಲೆ’ ಎಂದು ಅದರ ಮುಂದೆ ನಿಂತು ಹೇಳುವ ಧೈರ್ಯ ಯಾವ ವ್ಯಾಪಾರಿಗೂ ಇಲ್ಲ.

ಧರ್ಮದ ಇತಿಹಾಸ ಬಲ್ಲವರಿಗೆ ಇದು ಹೊಸತಲ್ಲ. ಕ್ಯಾಥೊಲಿಕ್ ಸಂಪ್ರದಾಯ ಸಂತರ ಅವಶೇಷಗಳನ್ನು ಮೂರು ದರ್ಜೆಯಾಗಿ ಎಣಿಸುತ್ತಿತ್ತು: ಸಂತನ ದೇಹದ ಭಾಗ ಮೊದಲನೆಯದು, ಅವನು ತೊಟ್ಟ ಬಳಸಿದ ವಸ್ತು ಎರಡನೆಯದು, ಅವಕ್ಕೆ ಸೋಕಿಸಿದ್ದು ಮೂರನೆಯದು. ಗಿಲ್ಮೋರನ ಕಪ್ಪು ಗಿಟಾರ್ ಎರಡನೆಯ ದರ್ಜೆಯ ಅವಶೇಷ. ಯೇಲ್ ವಿಶ್ವವಿದ್ಯಾಲಯದ ಜಾರ್ಜ್ ನ್ಯೂಮನ್, ಪಾಲ್ ಬ್ಲೂಮ್ ಮತ್ತು ಅವರ ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಪರೀಕ್ಷಿಸಿತ್ತು. ಮೆಚ್ಚಿನ ತಾರೆ ತೊಟ್ಟಿದ್ದ ಸ್ವೆಟರ್ ಬೇಕೆಂದವರಿಗೆ ‘ಕ್ರಿಮಿನಾಶ ಮಾಡಿ ಕೊಡುತ್ತೇವೆ’ ಎಂದಾಗ ಆಸೆ ತಗ್ಗಿತು. ಕೊಳೆ ಹೋದರೆ ಜೊತೆಗೆ ಇನ್ನೇನೋ ಹೋಗುತ್ತದೆ ಎಂಬ ಅಳುಕು. ಬ್ಲ್ಯಾಕಿಯ ತಲೆಯಂಚಿನಲ್ಲಿರುವ ಸಿಗರೇಟು ಸುಟ್ಟ ಕಲೆಯನ್ನು ಉಜ್ಜಿ ತೆಗೆಯಲು ಯಾರೂ ಒಪ್ಪದಿರುವುದು ಅದೇ ಅಳುಕಿನಿಂದ.

ಬದಲಾದರೂ ಅದೇ ಎಂಬುದನ್ನು ನಮ್ಮ ದೇವಸ್ಥಾನಗಳು ಇದಕ್ಕಿಂತ ಧೈರ್ಯವಾಗಿ ನಿಭಾಯಿಸಿವೆ. ಪುರಿಯ ಜಗನ್ನಾಥನ ಮರದ ವಿಗ್ರಹಗಳನ್ನು ಅಧಿಕ ಆಷಾಢ ಬಂದ ಗೊತ್ತಾದ ವರ್ಷಗಳಲ್ಲಿ ಬೇವಿನ ಮರದಿಂದ ಹೊಸದಾಗಿ ಕೆತ್ತುತ್ತಾರೆ. ಈ ನವಕಳೇಬರ 1977ರಲ್ಲಿ, 1996ರಲ್ಲಿ, 2015ರಲ್ಲಿ ನಡೆಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಸೇವಕರು ಹಳೆಯ ವಿಗ್ರಹದೊಳಗಿನ ‘ಬ್ರಹ್ಮ ಪದಾರ್ಥ’ವನ್ನು ಹೊಸದಕ್ಕೆ ದಾಟಿಸುತ್ತಾರೆ; ಹಳೆಯ ಮರ ದೇವಸ್ಥಾನದ ಆವರಣದಲ್ಲೇ ಮಣ್ಣು ಸೇರುತ್ತದೆ. ನಮ್ಮ ಕರಾವಳಿಯ ದೇವಸ್ಥಾನಗಳ ಜೀರ್ಣೋದ್ಧಾರದ ಆಮಂತ್ರಣ ಪತ್ರಿಕೆ ಓದಿದವರಿಗೆ ‘ಕಲಾಸಂಕೋಚ’, ‘ಬಾಲಾಲಯ’ ಎಂಬ ಮಾತು ಗೊತ್ತು. ಬಿಂಬದ ಕಳೆಯನ್ನು ಕಲಶಕ್ಕೆ ಇಳಿಸಿ, ಗುಡಿಯ ಕೆಲಸ ಮುಗಿದ ಮೇಲೆ ಮತ್ತೆ ತುಂಬುವ ವಿಧಿ ಅದು. ಗೋಡೆ ಬದಲಾಗಿ, ಮಾಡು ಬದಲಾಗಿ, ಕೆಲವೊಮ್ಮೆ ಬಿಂಬವೇ ಬದಲಾದರೂ ಊರಿನವರಿಗೆ ದೇವರು ಅದೇ ದೇವರು. ಎಡೆಬಿಡದೆ ದಾಟಿಸಿದ ಕೈಗಳ ಸರಣಿ ಅಲ್ಲಿ ಮುಖ್ಯ. ಗಿಟಾರಿನ ಪೇಟೆಯಲ್ಲಿ ಈ ಸರಣಿಗೆ ಕಾಗದಪತ್ರದ ರೂಪವಿದೆ: ಯಾರು ಕೊಂಡರು, ಯಾರಿಗೆ ಕೊಟ್ಟರು, ಯಾವ ವರ್ಷ ಯಾವ ನೆಕ್ ಬಂತು. ಗಿಲ್ಮೋರನ ವಾದ್ಯಗಳನ್ನು ದಶಕಗಟ್ಟಲೆ ನೋಡಿಕೊಂಡ ಫಿಲ್ ಟೇಲರ್ ಆ ಒಂದು ಗಿಟಾರಿನ ಬದಲಾವಣೆಗಳ ಮೇಲೆ ಇಡೀ ಪುಸ್ತಕವನ್ನೇ ಬರೆದ.

ಕೈತಪ್ಪು ಕೂಡ ಪವಿತ್ರವಾಗಬಹುದು. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಬಳಿಯಿದ್ದ 1959ರ ಲೆಸ್ ಪಾಲ್‌ನ ಒಂದು ಪಿಕಪ್ಪಿನಲ್ಲಿ ಅಯಸ್ಕಾಂತ ತಿರುವುಮುರುವಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ಬಿಟ್ಟಾಗ ಅಲೆಗಳು ಒಂದನ್ನೊಂದು ಕಡಿದು, ಮೂಗಿನಲ್ಲಿ ಅಳುವಂಥ ತೆಳುವಾದ ದನಿ ಬರುತ್ತಿತ್ತು. ರಿಪೇರಿ ಮಾಡಿಸಬೇಕಾದ ದೋಷ. ಗ್ರೀನ್ ಅದನ್ನೇ ತನ್ನ ಸ್ವರವಾಗಿಸಿಕೊಂಡ. ಆ ಗಿಟಾರ್ ಅವನಿಂದ ಗ್ಯಾರಿ ಮೂರ್ ಕೈಗೆ, ಮಧ್ಯೆ ಕೆಲವರನ್ನು ದಾಟಿ 2014ರಲ್ಲಿ ಮೆಟಾಲಿಕಾ ತಂಡದ ಕರ್ಕ್ ಹ್ಯಾಮೆಟ್ ಕೈಗೆ ಬಂತು. 2023ರಲ್ಲಿ ಗಿಬ್ಸನ್ ಅದರ ಪ್ರತಿಕೃತಿಗಳನ್ನು ಮಾರಿತು. ಅವುಗಳಲ್ಲಿ ಆ ದೋಷವನ್ನೂ ಕಾರ್ಖಾನೆಯಲ್ಲೇ ಲೆಕ್ಕ ಹಾಕಿ ಕೂರಿಸಿದ್ದರು. ಫೆಂಡರ್ 2006ರಲ್ಲಿ ಬ್ಲ್ಯಾಕಿಯ 275 ಪ್ರತಿಗಳನ್ನು ಸಿಗರೇಟಿನ ಕಲೆಯ ಸಮೇತ ಮಾಡಿ, ಒಂದೊಂದಕ್ಕೆ 24,000 ಡಾಲರ್ ಬೆಲೆ ಕಟ್ಟಿತು. 1995ರಿಂದಲೇ ಆ ಕಂಪನಿ ‘ರೆಲಿಕ್’ ಎಂಬ ಹೆಸರಿನಲ್ಲಿ ಹೊಸ ಗಿಟಾರಿನ ಬಣ್ಣ ಕೆರೆದು, ಲೋಹಕ್ಕೆ ತುಕ್ಕು ಹಿಡಿಸಿ, ಹೆಚ್ಚಿನ ಬೆಲೆಗೆ ಮಾರುತ್ತಿದೆ. ಇಂಗ್ಲಿಷಿನಲ್ಲಿ ಆ ಪದದ ಅರ್ಥ ಸಂತನ ಅವಶೇಷ.

ಮಡಿಯ ಈ ಕಾಯಿದೆ ಮರಕ್ಕೂ ತಂತಿಗೂ ಸಹಜವಾದದ್ದೇನಲ್ಲ ಎನ್ನಲು ಪಕ್ಕದ ಪೇಟೆಯೇ ಸಾಕ್ಷಿ. ಅಂತೋನಿಯೊ ಸ್ಟ್ರಾಡಿವರಿ 1737ರಲ್ಲಿ ತೀರಿಕೊಂಡ. ಅವನ ಪಿಟೀಲುಗಳು ಬಹುತೇಕ ಎಲ್ಲವೂ ನಂತರದ ಪೀಳಿಗೆಗಳಲ್ಲಿ ರೂಪಾಂತರಗೊಂಡವು. ದೊಡ್ಡ ಸಭಾಂಗಣಗಳಿಗೆ ಹೆಚ್ಚು ದನಿ ಬೇಕಾದಾಗ ನೆಕ್ ಉದ್ದವಾಯಿತು, ಹಿಂದಕ್ಕೆ ವಾಲಿತು, ಒಳಗಿನ ಪಟ್ಟಿ ಬದಲಾಯಿತು. ಸುರುಳಿ ತಲೆಯನ್ನು ಕತ್ತರಿಸಿ ಹೊಸ ನೆಕ್ಕಿಗೆ ಕಸಿ ಮಾಡಿದರು. ಅದರಿಂದ ಬೆಲೆ ಅರ್ಧವಾಗಲಿಲ್ಲ. 1721ರ ‘ಲೇಡಿ ಬ್ಲಂಟ್’ ಪಿಟೀಲು 2011ರಲ್ಲಿ 1.59 ಕೋಟಿ ಡಾಲರಿಗೆ ಮಾರಾಟವಾಯಿತು. ನಮ್ಮ ವೀಣೆಯ ಮಾತೂ ಅಷ್ಟೆ. ಮೇಣ ಮೆತ್ತಗಾಗಿ ಮೆಟ್ಟಿಲು ಕದಲಿದರೆ ಮೇಳ ಕಟ್ಟುವವರನ್ನು ಕರೆಸಿ ಮತ್ತೆ ಕೂರಿಸುತ್ತಾರೆ. ಅಜ್ಜಿಯ ವೀಣೆ ಅಜ್ಜಿಯ ವೀಣೆಯಾಗಿಯೇ ಉಳಿಯುತ್ತದೆ. ನುಡಿಸುತ್ತಲೇ ಇರುವ ಸಂಪ್ರದಾಯಕ್ಕೆ ರಿಪೇರಿ ಎಂದರೆ ಆರೈಕೆ. ಗಾಜಿನ ಪೆಟ್ಟಿಗೆ ಸೇರಿದ ಸಂಪ್ರದಾಯಕ್ಕೆ ಅದೇ ರಿಪೇರಿ ಮೈಲಿಗೆ.

ಹಾಗಾದರೆ ಯಾರದು ಸರಿ? ಕನ್ನಡದ ಹಳೆಯ ಜೈನ ಕವಿಗಳು ಕಾವ್ಯದ ಮೊದಲಿಗೆ ನೆನೆಯುವ ಆಚಾರ್ಯರಲ್ಲಿ ಸಮಂತಭದ್ರರು ಒಬ್ಬರು. ಅವರ ‘ಆಪ್ತಮೀಮಾಂಸೆ’ಯಲ್ಲಿ ಒಂದು ದೃಷ್ಟಾಂತವಿದೆ. ಚಿನ್ನದ ಕೊಡವೊಂದನ್ನು ಕರಗಿಸಿ ಕಿರೀಟ ಮಾಡುತ್ತಾರೆ. ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಹಿಗ್ಗು, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಭಾವಕ್ಕೂ ಕಾರಣವಿದೆ, ಯಾರೂ ಭ್ರಮೆಯಲ್ಲಿಲ್ಲ. ಏಕೆಂದರೆ ಅಳಿಯುವುದು, ಹುಟ್ಟುವುದು, ಉಳಿಯುವುದು ಮೂರೂ ಒಂದೇ ವಸ್ತುವಿನಲ್ಲಿ ಒಟ್ಟಿಗೆ ನಡೆಯುತ್ತವೆ. ‘ಇರುವುದು’ ಎಂದರೆ ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಸೇರಿದ್ದು ಎಂದು ಜೈನರ ತತ್ತ್ವಾರ್ಥಸೂತ್ರ ಲಕ್ಷಣ ಹೇಳುತ್ತದೆ.

1962ರ ಸ್ಟ್ರಾಟೊಕ್ಯಾಸ್ಟರಿನ ಮರ ಕೊರೆದು ಹಂಬಕರ್ ಕೂರಿಸಿದ್ದಾರೆ ಎಂದಿಟ್ಟುಕೊಳ್ಳಿ. ಸಂಗ್ರಾಹಕ ಕೊಡ ಬೇಕಿದ್ದವನು. ಅವನ ಮಟ್ಟಿಗೆ ಒಂದು ವಸ್ತು ಅಳಿಯಿತು. ಅವನು ಬೆಲೆ ಅರ್ಧಕ್ಕಿಳಿಸುವುದು ಅನ್ಯಾಯವಲ್ಲ, ಕೊರೆದ ಮರವನ್ನು ಯಾರೂ ಮರಳಿ ಬೆಳೆಸಲಾರರು. ವಾರಕ್ಕೆ ನಾಲ್ಕು ರಾತ್ರಿ ವೇದಿಕೆಯಲ್ಲಿ ನುಡಿಸುವವನು ಕಿರೀಟ ಬೇಕಿದ್ದವನು. ಸದ್ದು ಗುಂಯ್‌ಗುಟ್ಟದೆ ಬರುತ್ತಿದೆ, ಮೇಲಾಗಿ ಅರ್ಧ ಬೆಲೆಗೆ ಆ ಕಾಲದ ಮರ ಸಿಗುತ್ತಿದೆ, ಅವನು ಹಿಗ್ಗುತ್ತಾನೆ. ವ್ಯಾಪಾರಿಗಳು ಇಂಥದ್ದನ್ನು ‘ಪ್ಲೇಯರ್ಸ್ ಗ್ರೇಡ್’ ಎಂದು ಪ್ರತ್ಯೇಕವಾಗಿಯೇ ಮಾರುತ್ತಾರೆ. ಮೂರನೆಯವನಿಗೆ ಬೇಕಾದದ್ದು ವಾದ್ಯದ ಬಾಳು. ಅವನಿಗೆ ಕಾರ್ಖಾನೆಯ ಬಣ್ಣ ಮೊದಲ ಪುಟ, ಕೊರೆದ ಗುಂಡಿ ನಡುವಿನ ಪುಟ.

ಈ ಮೂರನೆಯವನಿಗೂ ಪೇಟೆಯಲ್ಲಿ ಜಾಗವಿದೆ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ 1963ರಲ್ಲಿ ಕಾರ್ಕ್ ಊರಿನಲ್ಲಿ ಸುಮಾರು 100 ಪೌಂಡಿಗೆ ಕೊಂಡ 1961ರ ಸ್ಟ್ರಾಟೊಕ್ಯಾಸ್ಟರಿನ ಮೈಯಲ್ಲಿ ಬಣ್ಣವೇ ಉಳಿದಿಲ್ಲ ಎನ್ನಬೇಕು. ಬೆವರಿಗೆ, ಮಳೆಗೆ, ದಶಕಗಳ ತಿರುಗಾಟಕ್ಕೆ ಉದುರಿ ಬರಿಯ ಮರ ಕಾಣುತ್ತದೆ. ಒಮ್ಮೆ ಕಳುವಾಗಿ ಮತ್ತೆ ಸಿಕ್ಕಿತ್ತು. ಬಿರಡೆಗಳು ಒಂದೇ ಜಾತಿಯವಲ್ಲ. 2024ರ ಅಕ್ಟೋಬರಿನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಕಮಿಷನ್ ಸೇರಿ 8,89,400 ಪೌಂಡಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅಲ್ಲಿ ಯಾರೂ ಅದಕ್ಕೆ ಬಣ್ಣ ಬಳಿಯಲು ಹೊರಟಿಲ್ಲ.

ಹಾಗೆಂದು ಎಲ್ಲರೂ ಸರಿ ಎಂದು ಕೈ ಚೆಲ್ಲುವಂತೆಯೂ ಇಲ್ಲ. ಜೈನ ತರ್ಕದಲ್ಲಿ ವಸ್ತುವನ್ನು ಒಂದು ಕೋನದಿಂದ ನೋಡುವುದು ನಯ. ತನ್ನ ಕೋನವೇ ಇಡೀ ವಸ್ತು ಎಂದು ಸಾಧಿಸುವುದು ದುರ್ನಯ. ಗಿಟಾರಿನ ಪೇಟೆಯಲ್ಲಿ ದುರ್ನಯದ ರೂಪ ಎರಡು. ಬಣ್ಣ ಬದಲಾದ ಗಿಟಾರನ್ನು ಕಾರ್ಖಾನೆಯ ಬಣ್ಣವೆಂದು, ಕನ್ವರ್ಷನ್ನನ್ನು 1959ರದೆಂದು, ನಕಲಿ ಚೀಟಿ ಅಂಟಿಸಿದ ಪಿಕಪ್ಪನ್ನು ಅಸಲಿಯೆಂದು ಮಾರುವುದು ಒಂದು. ಅದು ಕಿರೀಟವನ್ನು ಕೊಡವೆಂದು ಒಪ್ಪಿಸಿ ಹಣ ಎಣಿಸಿಕೊಳ್ಳುವ ವಂಚನೆ. ಕಾರ್ಖಾನೆ ಬಿಟ್ಟ ದಿನಕ್ಕೆ ವಾದ್ಯದ ಆಯುಸ್ಸು ಮುಗಿಯಿತು, ಆಮೇಲೆ ಮುಟ್ಟಿದವರೆಲ್ಲ ಪಾಪಿಗಳು ಎಂಬ ಸಂಗ್ರಾಹಕನ ಹಟ ಇನ್ನೊಂದು. ಮೊದಲನೆಯದು ಕೊಳ್ಳುವವನಿಗೆ ಮೋಸ, ಎರಡನೆಯದು ಲಿಯೊ ಫೆಂಡರನ ನಾಲ್ಕು ಸ್ಕ್ರೂಗಳಿಗೆ ಮೋಸ. ಮಾರ್ಪಾಡಿನಿಂದ ಬೆಲೆ ಏರಿತೇ ಇಳಿಯಿತೇ ಎಂದು ಕೇಳುವವರು ಮೂವರಲ್ಲಿ ಯಾರ ಬೆಲೆ ಎಂದು ಮೊದಲು ಹೇಳಬೇಕು. ಮಾರುವವರು ಏನೇನು ಬದಲಾಗಿದೆ ಎಂದು ಮೊದಲು ಹೇಳಬೇಕು.

ಮನೆಯಲ್ಲಿ ಹಳೆಯ ಗಿಟಾರ್ ಇರುವವರಿಗೆ ಕಸುಬುದಾರರು ಹೇಳುವ ಮಾತೊಂದಿದೆ. ಪಿಕಪ್ ಬದಲಾಯಿಸಬೇಕೆನಿಸಿದರೆ ಬದಲಾಯಿಸಿ, ಆದರೆ ಮರ ಕೊರೆಯುವ ಮೊದಲು ಎರಡು ಸಲ ಯೋಚಿಸಿ. ತೆಗೆದದ್ದನ್ನು ಬಿಸಾಡಬೇಡಿ. ಬಿರಡೆ, ಪಿಕಪ್, ಗುಂಡಿ, ಸ್ಕ್ರೂ ಎಲ್ಲವನ್ನೂ ಒಂದು ಕವರಿಗೆ ಹಾಕಿ, ಯಾವ ದಿನ ಯಾರು ತೆಗೆದರೆಂದು ಚೀಟಿ ಬರೆದು, ಗಿಟಾರಿನ ಪೆಟ್ಟಿಗೆಯಲ್ಲೇ ಇಡಿ. ಹಳೆಯ ಫೆಂಡರ್ ಪೆಟ್ಟಿಗೆಗಳಲ್ಲಿ ನೆಕ್ಕಿನ ಕೆಳಗೆ ಮುಚ್ಚಳವಿರುವ ಪುಟ್ಟ ಖಾನೆಯಿದೆ. ತಂತಿ, ಹೆಗಲಪಟ್ಟಿ ಇಡಲೆಂದು ಮಾಡಿದ್ದು. ಒಂದು ಪಿಕಪ್ಪು, ನಾಲ್ಕು ಸ್ಕ್ರೂ, ಒಂದು ಚೀಟಿ ಅದರಲ್ಲಿ ಹಿಡಿಸುತ್ತವೆ.